ಪಿಂಕಿ ಒದೆಯುವ ಹಸುವಲ್ಲ

ಚಲಪತಿಗೆ ಬರುವ ಫೋನುಗಳಲ್ಲಿ ‘ಹಲೋ’ ಇರುವುದಿಲ್ಲ. ‘ಚೆನ್ನಾಗಿದ್ದೀರಾ, ಊಟ ಆಯ್ತಾ’ ಅನ್ನುವುದಂತೂ ಇಲ್ಲವೇ ಇಲ್ಲ. ಕೆಜಿಎಫ್ ಗಣಿ ಕಡೆಯ ಕೋರಮಂಡಲ್ಲಿನ ತನ್ನ ಲೈನ್ ಮನೆಯಲ್ಲಿ ಅವನಿನ್ನೂ ಹಲ್ಲುಜ್ಜುತ್ತಿರುವಾಗಲೇ ಫೋನು ಬಡಿದುಕೊಳ್ಳುತ್ತದೆ. ಆ ಕಡೆಯಿಂದ ಒಂದೇ ಮಾತು: “ಡಾಕ್ಟ್ರೇ, ಬೆದೆಗ್ ಬಂದೈತೆ, ಬಿರ್ನೆ ಬನ್ನಿ.” ಯಾರು, ಯಾವೂರು ಎಂದು ಹೇಳುವ ವ್ಯವಧಾನ ಯಾರಿಗೂ ಇಲ್ಲ. ಅದಕ್ಕೇ ಅವನು ಫೋನಿನಲ್ಲಿ ಮನುಷ್ಯರ ಹೆಸರಿನ ಮುಂದೆ ಅವರ ಹಸುವಿನ ಹೆಸರನ್ನೂ ಸೇರಿಸಿ ಇಟ್ಟುಕೊಂಡಿದ್ದ: ‘ಗೌರಿ ವೆಂಕಟೇಶಪ್ಪ’, ‘ಸುಂದರಿ ರಾಮಚಂದ್ರಪ್ಪ’, ‘ಪಿಂಕಿ ಕಾಂತರಾಜ್’. ಅವನ ಫೋನನ್ನು ಯಾರಾದರೂ ಕದ್ದು ನೋಡಿದರೆ ಇವನ್ಯಾರೋ ಭಾರೀ ರಸಿಕ ಎಂದುಕೊಳ್ಳುವ ಅಪಾಯವಿತ್ತು. ಆದರೆ ಕದ್ದು ನೋಡಲು ಆ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಅವನು ಡಾಕ್ಟರೂ ಅಲ್ಲ. ಬಂಗಾರಪೇಟೆ ಸುತ್ತಿನ ಹಳ್ಳಿಗಳಿಗೆ ಹೋಗಿ, ಬೆದೆಗೆ ಬಂದ ಹಸುಗಳಿಗೆ ಗಬ್ಬ ಕಟ್ಟುವ ಸೂಜಿ ಹಾಕುವವನು. ಬೈಕಿನ ಹಿಂದೆ ಹೋರಿಯ ವೀರ್ಯವನ್ನು ತಣ್ಣಗಿಡುವ, ಹೊಗೆಯಾಡುವ ಕ್ಯಾನು, ಬ್ಯಾಗಿನಲ್ಲಿ ತೋಳುದ್ದದ ಪ್ಲಾಸ್ಟಿಕ್ ಗ್ಲೌಸು. ಹಳ್ಳಿಯವರು ಡಾಕ್ಟ್ರೇ ಅಂದರೆ ‘ಅಲ್ಲಪ್ಪ, ನಾನು ಡಾಕ್ಟರಲ್ಲ’ ಎಂದು ತಿದ್ದಬೇಕೆಂದು ಅವನು ನೌಕರಿಗೆ ಸೇರಿದ ಹೊಸತರಲ್ಲಿ ಒಮ್ಮೆ ಅಂದುಕೊಂಡಿದ್ದ. ಆಮೇಲೆ ಸಮಯ ಸಿಗಲಿಲ್ಲ.

ಹೆಣ್ಣು ನೋಡಲು ಹೋದ ಕಾಲವೂ ಒಂದಿತ್ತು. ಮದುವೆ ದಲ್ಲಾಳಿ “ಹುಡುಗ ಡೈರಿ ಕಡೆ ಆಫೀಸರ್ರು” ಅನ್ನುತ್ತಿದ್ದ. ಹುಡುಗಿಯ ಮಾವನೋ ಚಿಕ್ಕಪ್ಪನೋ ಬಿಡದೆ ಕೆಣಕಿ ಪೂರ್ತಿ ವಿವರ ಹೊರಡಿಸುತ್ತಿದ್ದರು. ಒಳಗಡೆಯಿಂದ ಕಿಸಕ್ಕೆಂದು ನಗು ಕೇಳುತ್ತಿತ್ತು. ಕಾಫಿ ಕುಡಿದು ಎದ್ದು ಬರುವುದು ಅಭ್ಯಾಸವಾಯಿತು. ಕ್ರಮೇಣ ಕಾಫಿಯೂ ನಿಂತಿತು. “ತಾಲ್ಲೂಕಿನ ಅರ್ಧ ಹಸುಗಳ್ನ ತಾಯಿ ಮಾಡ್ದೆ, ನನ್ಗೊಂದ್ ಸಂಸಾರ ಮಾಡ್ಕೊಳ್ಳೋಕಾಗ್ಲಿಲ್ಲ ನೋಡಿ” ಎಂದು ಅವನೇ ಎಲ್ಲರಿಗಿಂತ ಮೊದಲು ಹೇಳಿ ನಕ್ಕುಬಿಡುತ್ತಿದ್ದ. ಬೇರೆಯವರು ಹೇಳಿದಾಗ ಬರುವ ನೋವಿಗಿಂತ ಇದು ಅಗ್ಗ.

ಒಬ್ಬನಿಗೆ ಮುದ್ದೆ ಮಾಡುವ ವಿದ್ಯೆ ಮಾತ್ರ ಅವನಿಗೆ ಕೊನೆಗೂ ಹತ್ತಲಿಲ್ಲ. ಎಷ್ಟೇ ಕಡಿಮೆ ಎಸರಿಟ್ಟರೂ ಎರಡು ಮುದ್ದೆಯಾಗುತ್ತಿತ್ತು. ಎರಡನೆಯದನ್ನು ಇನ್ನೊಂದು ತಟ್ಟೆಯಲ್ಲಿಟ್ಟು, ಅದರ ಎದುರು ಕೂತು ಮೊದಲನೆಯದನ್ನು ನುಂಗುತ್ತಿದ್ದ. ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿ ಎರಡಕ್ಕೂ ಸಮನಾಗಿ ಧೂಳು ಉದುರಿಸುತ್ತಿತ್ತು.

ಇಂಥವನ ಜೊತೆ ಮನಸ್ಸು ಬಿಚ್ಚಿ ಮಾತಾಡುವವರು ಇದ್ದರೆಂದರೆ ಅದು ಬಾಲ ಹಿಡಿಯುವ ಹೆಂಗಸರು.

ಸೂಜಿ ಹಾಕುವಾಗ ಇನ್ನೊಬ್ಬರು ಹಸುವಿನ ಬಾಲವನ್ನು ಎತ್ತಿ ಪಕ್ಕಕ್ಕೆ ಹಿಡಿಯಬೇಕು. ಹಸು ಯಾರ ಹೆಸರಲ್ಲಿದ್ದರೂ ಬಾಲ ಹಿಡಿಯುವ ಪಾಳಿ ಹೆಂಗಸರದ್ದು. ಗಂಡಸರು ಸಗಣಿ ಹಾರುವ ದೂರವನ್ನು ಅಂದಾಜು ಮಾಡಿ ಬಾಗಿಲಾಚೆ ನಿಂತು ಬೀಡಿ ಹಚ್ಚುತ್ತಾರೆ. ಚಲಪತಿ ಗ್ಲೌಸು ಏರಿಸಿ, ಕೈಯನ್ನು ಹಸುವಿನ ಹಿಂಭಾಗದಲ್ಲಿ ಭುಜದವರೆಗೂ ತೂರಿಸಿ, ಕಣ್ಣು ಮುಚ್ಚಿ ಬೆರಳಿನಲ್ಲೇ ನೋಡುತ್ತಿರುವಾಗ ಬಾಲ ಹಿಡಿದವಳು ಅವನಿಂದ ಒಂದು ಮೊಳದ ದೂರದಲ್ಲಿರುತ್ತಾಳೆ. ಅತ್ತೆಯ ದೂರು, ಮಗನ ಪರೀಕ್ಷೆ, ಮೊಣಕಾಲಿನ ನೋವು ಎಲ್ಲ ಆ ಹೊತ್ತಿನಲ್ಲೇ ಹೊರಬರುತ್ತದೆ. ಭುಜದವರೆಗೆ ಸಗಣಿಯಲ್ಲಿ ಮುಳುಗಿದ ಗಂಡಸನ್ನು ಕಂಡು ಯಾವ ಹೆಂಗಸಿಗೆ ತಾನೇ ಸಂಕೋಚವಾದೀತು?

ಗೊಲ್ಲರಕುಂಟೆಯ ಕಾಂತರಾಜನ ಮನೆಯಲ್ಲಿ ಬಾಲ ಹಿಡಿಯುತ್ತಿದ್ದವಳು ಅವನ ಹೆಂಡತಿ ಕಲ್ಪನ. ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಹುಡುಗಿ. ಮೂರು ವರ್ಷದ ಮಗಳೊಬ್ಬಳು ಆಗಲೇ ಇದ್ದಳು. ಈಗ ಮತ್ತೆ ಬಸುರಿ. ಹಸುವಿಗೆ ಗುಲಾಬಿ ಮೂತಿ ಇತ್ತೆಂದು ಮಗಳು ಅದಕ್ಕೆ ಪಿಂಕಿ ಎಂದು ಹೆಸರಿಟ್ಟಿದ್ದಳು. ಮನೆಗೆ ಆಧಾರವೆಂದರೆ ಆ ಪಿಂಕಿಯೇ. ಕಾಂತರಾಜ್ ದಿನಾ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಯಾವುದೋ ಗೋಡೌನಿಗೆ ಕೆಲಸಕ್ಕೆ ಹೋಗುತ್ತಿದ್ದ. ಕೆಲಸ ತಪ್ಪಿದ ಮೇಲೆ ಅವನ ಪಯಣ ಬಂಗಾರಪೇಟೆಯ ಬಾರಿನವರೆಗೆ ಮಾತ್ರ ಸಾಗುತ್ತಿತ್ತು.

ಆ ಸಲ ಬಾಲ ಹಿಡಿದ ಕಲ್ಪನಳ ಮುಂಗೈ ಮೇಲೆ ಕಪ್ಪಗೆ ಗುರುತು ಕಾಣಿಸಿತು.

“ಏನಮ್ಮ ಅದು?” ಎಂದ ಚಲಪತಿ.

“ಅಸು ಒದೀತಣ್ಣ.”

ಚಲಪತಿಗೆ ಮೊದಲು ಬಂದದ್ದು ಸಿಟ್ಟು, ಅದೂ ಪಿಂಕಿಯ ಪರವಾಗಿ. ಒದೆಯುವ ಹಸು ಯಾವುದು, ಹಾಯುವ ಹಸು ಯಾವುದು ಎಂದು ಅವನ ಪಕ್ಕೆಲುಬಿಗೆ ಗೊತ್ತು. ಪಿಂಕಿ ಅವನ ಕೈ ಹೊಟ್ಟೆಯೊಳಗಿದ್ದಾಗಲೂ ಮೆಲುಕು ಹಾಕುತ್ತ ನಿಲ್ಲುವ ಸಾಧು. ಸುಮ್ಮನೆ ಒಂದು ಮೂಕ ಪ್ರಾಣಿಯ ಮೇಲೆ ಅಪವಾದ ಹೊರಿಸುತ್ತಾಳಲ್ಲ ಈ ಹುಡುಗಿ ಎಂದು ಇನ್ನೊಮ್ಮೆ ಆ ಕೈಯನ್ನು ನೋಡಿದ. ಗೊರಸಿಗೆ ಬೆರಳುಗಳಿರುವುದಿಲ್ಲ.

ಅವನು ಮುಂದೇನೂ ಕೇಳಲಿಲ್ಲ. ಹಸುವಿನ ವಿಷಯದಲ್ಲಿ ಎಲ್ಲಿ ಬೇಕಾದರೂ ಕೈ ಹಾಕುವ ಮನುಷ್ಯ, ಸಂಸಾರದ ವಿಷಯಕ್ಕೆ ಬಂದರೆ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲುವ ಜಾತಿ. ಕೇಳದೆಯೇ ಉತ್ತರ ಸಿಕ್ಕಿತು. ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದ ಅತ್ತೆ ಮುನಿಗಂಗಮ್ಮ ಅಂದಳು:

“ಗಂಡ ಅಂದ್ಮೇಲೆ ಒಂದೇಟು ಒಡೀತಾನೆ, ಒಂದೇಟು ಬುಡ್ತಾನೆ. ನಂಗೇನ್ ಕಮ್ಮಿ ಬಿದ್ದೈತಾ ಡಾಕ್ಟ್ರೇ? ತುಂಬಿದ್ ಬಸ್ರೀಲಿ ಬೆನ್ ಮ್ಯಾಲೆ ಒದ್ದಿದ್ರು ನಮ್ಮೆಜಮಾನ್ರು. ಇವ್ನೇ ಒಟ್ಟೇಲಿದ್ದ, ಕಾಂತ. ಏನಾಯ್ತೀಗ? ಬೆಳೀಲಿಲ್ವ?”

ಬೆಳೆದವನು ಬಾಗಿಲಾಚೆ ಬೀಡಿ ಸೇದುತ್ತಿದ್ದ. ನೋಡಲು ಒಳ್ಳೆಯ ಹುಡುಗನೇ. “ಡಾಕ್ಟ್ರೇ, ಕಾಫಿ ಕುಡ್ಕೊಂಡೇ ಓಗ್ಬೇಕು” ಎಂದು ಬಲವಂತ ಮಾಡಿದ. ಪಿಂಕಿಯ ಬೆನ್ನು ಸವರಿದ. ಈ ಸಲವಾದರೂ ಸೂಜಿ ನಿಂತು ಗಬ್ಬ ಕಟ್ಟುತ್ತದಾ ಎಂದು ಕೇಳುವಾಗ ಅವನ ದನಿ ನಡುಗಿತು. ಹೆಂಡತಿಯ ಬಸುರಿನ ಮಾತು ಬಂದಾಗ ಮಾತ್ರ ಮುಖ ತಿರುಗಿಸಿದ: “ನಾನು ಕೆಲ್ಸ ಕಳ್ಕೊಂಡ್ ಕೂತಿರೋ ಟೈಮ್ನಾಗೆ ಬೇಕಾಗಿತ್ತಾ ಇದು? ಅದ್ಯಾರ್ ಪುಣ್ಯಾನೋ ಏನೋ. ಇದೂ ಎಣ್ಣಾಗ್ಲಿ, ಆಮೇಲೈತೆ.”

ಆಗಲೇ ಚಲಪತಿಗೆ ಒಂದು ಉಪಾಯ ಹೊಳೆಯಿತು. ಬುದ್ಧಿವಂತರಿಗೆ ಉಪಾಯ ಹೊಳೆಯುವುದು ಅಪರೂಪ, ಹೇಡಿಗಳಿಗೆ ಪದೇ ಪದೇ.

“ನೋಡು ಕಾಂತರಾಜ, ಸೂಜಿ ನಿಲ್ಲೋದು ಬಿಡೋದು ನನ್ ಕೈಲಿಲ್ಲ, ನಿನ್ ಕೈಲಿದೆ” ಎಂದ, ಡಾಕ್ಟರ ಗತ್ತಿನಲ್ಲೇ. “ಇದು ಎಚ್ಚೆಫ್ ಜಾತಿ ಸೀಮೆ ಹಸು, ಸೂಕ್ಷ್ಮ. ಮನೇಲಿ ಕೂಗಾಟ, ಹೊಡೆದಾಟ, ಹೆಣ್ಣುಮಕ್ಕಳು ಅಳೋದು, ಇದ್ಯಾವುದೂ ಅದರ ಕಿವಿಗೆ ಬೀಳಬಾರ್ದು. ಬಿತ್ತೋ, ಗಾಬರಿಯಾಗಿ ಕಂದು ಹಾಕ್ಬಿಡ್ತದೆ. ಕರುವೂ ಇಲ್ಲ, ಹಾಲೂ ಇಲ್ಲ.”

ಕಾಂತರಾಜ್ ಬೀಡಿ ಕೆಳಗೆ ಹಾಕಿದ. “ನಿಜವಾ ಡಾಕ್ಟ್ರೇ?”

“ಪುಸ್ತಕದಲ್ಲೇ ಬರೆದಿದಾರೆ.”

ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಆದರೆ ಗಬ್ಬದ ಹಸುವಿಗೆ ಕೋಲು ಎತ್ತಿದವನನ್ನು ನಾಲ್ಕು ಜನ ಉಗಿಯುವ ಸೀಮೆ ಅದು. ಮಾತು ನಾಟಿತು. ಚಲಪತಿ ರೇಸು ಗೆದ್ದವನಂತೆ ಬೈಕು ಓಡಿಸಿಕೊಂಡು ಬಂದು, ಆಟೋ ಒರೆಸುತ್ತಿದ್ದ ಪಕ್ಕದ ಮನೆಯ ಆರುಮುಗಂನನ್ನು ಹಿಡಿದು ನಿಲ್ಲಿಸಿ ಇಡೀ ಕತೆ ಹೇಳಿದ. ಹೊಗಳಿಕೆಗಾಗಿ ಕಾದ.

ಆರುಮುಗಂ ಬಟ್ಟೆ ಹಿಂಡಿದ. “ಸೆರಿ ಸಾರ್. ಹಸು ವಿಷ್ಯ ಹೇಳಿಟ್ರಿ. ಪೊಣ್ಣು ವಿಷ್ಯ ಯಾರ್ ಹೇಳ್ತಾರೆ?”

“ಅಯ್ಯೋ, ಹಸು ಹೆಸರಲ್ಲಿ ಅವಳೂ ಉಳ್ಕೊಂಡ್ಲಲ್ಲಪ್ಪ!”

“ಏನೋ ಸಾರ್” ಎಂದ ಆರುಮುಗಂ. ಅವನದು ತಮಿಳು ಬೆರೆತ ಕನ್ನಡ. ಹೊಗಳಬೇಕಾದ ಕಡೆ ಅವನಿಗೆ ಎರಡೂ ಭಾಷೆ ಬರುತ್ತಿರಲಿಲ್ಲ.

ಆ ರಾತ್ರಿ ಚಲಪತಿ ಎರಡನೆಯ ಮುದ್ದೆಗೂ ಕತೆ ಹೇಳಿದ.

ಗಬ್ಬ ನಿಂತಿದೆಯೇ ಎಂದು ನೋಡಲು ಅವನು ಮೂರು ತಿಂಗಳು ಕಳೆದು ಮತ್ತೆ ಗೊಲ್ಲರಕುಂಟೆಗೆ ಹೋದಾಗ ಮನೆ ದೇವಸ್ಥಾನದಂತಿತ್ತು. ದನದ ಮನೆಗೆ ಸುಣ್ಣ ಬಳಿದಿದ್ದರು. ಪಿಂಕಿಗೆ ನೆಲ ತಂಪಾಗದಿರಲಿ ಎಂದು ರಬ್ಬರಿನ ಹಾಸು ಬಂದಿತ್ತು. ಯಾರೂ ದನಿ ಎತ್ತಿ ಮಾತಾಡುತ್ತಿರಲಿಲ್ಲ. ಕಾಂತರಾಜ್ ಪಿಸುಗುಟ್ಟಿದ: “ನೀವೇಳ್ದಂಗೇ ಡಾಕ್ಟ್ರೇ. ಒಂದ್ ಗಲಾಟೆ ಇಲ್ಲ.” ಚಲಪತಿಗೆ ಎದೆ ಉಬ್ಬಿ ಗ್ಲೌಸು ಏರಿಸುವುದೂ ತಡವಾಯಿತು.

ಕಲ್ಪನ ಬಾಲ ಹಿಡಿದಳು, ಎಡಗೈಯಲ್ಲಿ. ಮೊದಲೆಲ್ಲ ಬಲಗೈಯಲ್ಲಿ ಹಿಡಿಯುತ್ತಿದ್ದವಳು. ಹೊಟ್ಟೆ ಮುಂದೆ ಬಂದಿತ್ತು. ಬಲಗೈ ಹೆಗಲಿನಿಂದ ಕೆಳಗೆ ಸುಮ್ಮನೆ ತೂಗಾಡುತ್ತಿತ್ತು, ಬೇರೆ ಯಾರದೋ ಕೈಯನ್ನು ತಂದು ಸಿಕ್ಕಿಸಿದಂತೆ.

ಚಲಪತಿ ಕೈ ಒಳಗೆ ಹಾಕಿದ. ಕಾಂತರಾಜ್ ಬಿಸಿನೀರು ತರಲು ಒಳಗೆ ಹೋದ. ಮುನಿಗಂಗಮ್ಮ ಹಿತ್ತಲಲ್ಲಿ ಬೂಸಾ ಕಲಸುತ್ತಿದ್ದಳು.

“ಏನಾಯ್ತಮ್ಮ ಕೈಗೆ?”

“ಅಸು ಒದೀತಣ್ಣ.”

ಈ ಸಲ ಚಲಪತಿ ಹೇಳಿಯೇಬಿಟ್ಟ. “ಪಿಂಕಿ ಒದೆಯೋ ಹಸು ಅಲ್ಲಮ್ಮ.”

ಕಲ್ಪನ ಅವನನ್ನು ನೋಡಲಿಲ್ಲ. ಪಿಂಕಿಯ ಬೆನ್ನ ಮೇಲಿನ ಕಪ್ಪು ಮಚ್ಚೆಯನ್ನು ನೋಡುತ್ತ ಹೇಳಿದಳು, ಯಾರಿಗೋ ದಾರಿ ತೋರಿಸುವಷ್ಟು ಸಲೀಸಾಗಿ:

“ಗೊತ್ತಲ್ಲಣ್ಣ ನಿಮ್ಗೆ. ನೀವೇಳಿದ್ಮ್ಯಾಕೆ ಇಲ್ಲಿ ಒಡಿಯಲ್ಲ. ಪಿಂಕಿ ಎದರ್ಕತದೆ ಅಂತ ತ್ವಾಟದ ಮೋಟ್ರು ಮನೇಗೆ ಕರ್ಕೊಂಡೋತಾರೆ. ಇಲ್ಲಾದ್ರೆ ಪಕ್ಕದ್ ಮನೆಯೋರ್ಗೆ ಕೇಳ್ಸ್ತಿತ್ತು. ಒಂದೊಂದ್ಸಲ ಅತ್ತೆ ಬಂದು ನಡೂಕೆ ನಿಂತ್ಕಂತಿತ್ತು. ಅಲ್ಲಿ ಯಾರವ್ರೆ?”

ಚಲಪತಿಯ ಬೆರಳ ತುದಿಗೆ, ಚರ್ಮದ ಆಚೆ, ನೀರಿನ ಚೀಲದಲ್ಲಿ ಕರು ತೇಲಿಬಂದು ತಗುಲಿ ಹಿಂದೆ ಸರಿಯಿತು. ಇಷ್ಟು ವರ್ಷ ಈ ಗಳಿಗೆಗಾಗಿಯೇ ಅವನು ಬದುಕಿದ್ದು. ಯಾವ ಮನೆಯಲ್ಲೂ ಈ ಸುದ್ದಿ ಹೇಳುವಾಗ ಅವನಿಗೂ ಒಂದು ತುಂಡು ಬೆಲ್ಲ ಸಿಗುತ್ತಿತ್ತು. ಇವತ್ತು ಅವನಿಗೆ ಕೈ ಹೊರಗೆಳೆಯಲೂ ಆಗಲಿಲ್ಲ, ಒಳಗಿಡಲೂ ಆಗಲಿಲ್ಲ. ಊರು ಕೇಳುವ ಕಡೆ ಇದ್ದ ಹೊಡೆತವನ್ನು ಯಾರೂ ಕೇಳದ ಕಡೆಗೆ ಸಾಗಿಸಿದವನು ತಾನೇ. ಅದಕ್ಕೆ ಸಾಕ್ಷಿಯಾಗಿ ಇಲ್ಲದ ಪುಸ್ತಕವನ್ನೂ ಎಳೆದುತಂದಿದ್ದ.

“ಎಲ್ಲಾದ್ರೂ ಹೋಗೋಕೆ ಜಾಗ ಇದೆಯಾ?” ಎಂದ. ಅವನ ಬಾಯಿಂದ ಹಸುವಿನ ನೆಪವಿಲ್ಲದೆ ಬಂದ ಮೊದಲ ಪ್ರಶ್ನೆ ಅದೇ ಇರಬೇಕು.

“ಅಮ್ಮ ಐತೆ ಆಂಡರ್ಸನ್‌ಪೇಟೇಲಿ. ಮೊದ್ಲನೆ ಬಾಣಂತನ ಅಲ್ಲೇ ಆಯ್ತು. ಎಲ್ಡ್ನೇದು ಗಂಡನ್ ಮನೇಲೇ ಆಗ್ಬೇಕು ಅಂತಾರೆ. ಅಮ್ಮ ಒಂದ್ಸಲ ಬಂದಿತ್ತು, ಬಾಗ್ಲಾಗೆ ಬಯ್ದು ಕಳಿಸಿದ್ರು. ನನ್ ಫೋನು ಒಡೆದಾಕವ್ರೆ.” ಒಳಗೆ ಪಾತ್ರೆಯ ಸದ್ದಾಯಿತು. ಅವಳ ಮಾತು ಅವಸರಕ್ಕೆ ಬಂತು. “ಬೆಳಿಗ್ಗೆ ಆಲು ಆಕಕ್ಕೆ ಡೈರಿಗೋತಾರಲ್ಲ, ಆವಾಗ್ಲೇ ಅಣ್ಣ ಅವ್ರಿಲ್ದೇ ಇರೋದು.”

ಕಾಂತರಾಜ್ ಬಿಸಿನೀರಿನ ಬಕೆಟ್ಟು ತಂದ. “ಏನಂತೀರ ಡಾಕ್ಟ್ರೇ?”

“ನಿಂತಿದೆ” ಎಂದ ಚಲಪತಿ. ಕಾಂತರಾಜ್ ಖುಷಿಗೆ ಪಿಂಕಿಯ ಹಣೆಗೆ ಮುತ್ತು ಕೊಟ್ಟ.

ಆಂಡರ್ಸನ್‌ಪೇಟೆಯಲ್ಲಿ ಕಲ್ಪನಳ ತಾಯಿ ಚಿಕ್ಕವೆಂಕಟಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕನಕಾಂಬರದ ಬುಟ್ಟಿ ಮುಂದಿಟ್ಟುಕೊಂಡು ಜಗುಲಿಯ ಮೇಲೆ ಹೂ ಕಟ್ಟುತ್ತಿದ್ದಳು. ತಾನು ಯಾರೆಂದು ಹೇಳಿಕೊಳ್ಳಲು ಚಲಪತಿ ತಡವರಿಸಿದ. ಕೊನೆಗೆ “ನಿಮ್ಮ ಬೀಗರ ಹಸು ನೋಡೋನು” ಎಂದ. ಇಂಥ ಪರಿಚಯಕ್ಕೆ ಯಾವ ಬೀಗಿತ್ತಿ ಚಾಪೆ ಹಾಕುತ್ತಾಳೆ?

“ಅವ್ರ ಅಸು ಸುದ್ದಿ ನಂಗ್ಯಾತಕ್ಕಪ್ಪ?” ಎಂದಳು ಮುದುಕಿ, ಬೆರಳು ನಿಲ್ಲಿಸದೆ. “ನನ್ ಮಗ್ಳೇ ಅಂದಳಂತಲ್ಲ, ಅಮ್ಮ ನಮ್ಮನೆ ಕಡೆ ಬರದು ಬ್ಯಾಡ, ಮರ್ವಾದೆ ಓತದೆ ಅಂತ.”

“ಯಾರಂದ್ರು ನಿಮ್ಗೆ?”

“ಅಳಿಯ. ಫೋನ್ ಮಾಡಿ ಏಳ್ದ.”

“ಅವಳ ಬಾಯಲ್ಲಿ ಕೇಳಿದ್ರಾ?”

ಹೂವಿನ ದಾರ ಬೆರಳಲ್ಲೇ ನಿಂತಿತು. ಚಲಪತಿ ನೋಡಿದ್ದನ್ನು ನೋಡಿದ ಹಾಗೇ ಹೇಳಿದ. ತನ್ನ ಪುಸ್ತಕದ ಕತೆಯನ್ನೂ ಬಿಡಲಿಲ್ಲ. ಅವಳು ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತಿದ್ದ. ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕವೆಂಕಟಮ್ಮ ಕಟ್ಟಿದ್ದ ಮಾರನ್ನು ಸುತ್ತಿ ಬುಟ್ಟಿಗೆ ಹಾಕಿ, “ನನ್ ಮಗ ಇದ್ದಿದ್ರೆ ನಿನ್ನಷ್ಟ್ ವಯಸ್ಸಾಗಿರೋದಪ್ಪ” ಅಂದಳು. “ನಾಳೀಕೆ ಓಗಾಣ. ಗಾಡಿ ಐತಾ?”

ಗಾಡಿ ಆರುಮುಗಂದು. ಅವನು ಏನೂ ಕೇಳಲಿಲ್ಲ, “ಕಾಲೈಲಿ, ಬೆಳಿಗ್ಗೆ ಎಷ್ಟ್ ಗಂಟೆಗೆ ಸಾರ್?” ಎಂಬುದೊಂದರ ಹೊರತು. ಯೋಜನೆ ಸರಳವಾಗಿತ್ತು. ಕಾಂತರಾಜ್ ಡೈರಿಯಲ್ಲಿ ಹಾಲು ಹಾಕುವ ಹೊತ್ತಿಗೆ ಆಟೋ ಮನೆಯ ಮುಂದೆ ನಿಲ್ಲುವುದು. ತಾಯಿ ಮಗಳನ್ನೂ ಮೊಮ್ಮಗಳನ್ನೂ ಹತ್ತಿಸಿಕೊಳ್ಳುವುದು. ಆಟೋ ಕೆಜಿಎಫ್ ರಸ್ತೆ ಹಿಡಿಯುವವರೆಗೆ ಚಲಪತಿ ಕಾಂತರಾಜನನ್ನು ಡೈರಿಯಲ್ಲೇ ಹಿಡಿದು ನಿಲ್ಲಿಸುವುದು. ಹೇಗೆ? ಮಾತಿನಲ್ಲಿ. ಹಸುವಿನ ವಿಷಯ ತೆಗೆದರೆ ಚಲಪತಿ ಹೊತ್ತು ಮುಳುಗುವವರೆಗೆ ಮಾತಾಡಬಲ್ಲ ಎಂಬುದು ತಾಲ್ಲೂಕಿಗೇ ಗೊತ್ತಿದ್ದ ಪೀಡೆ.

ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ ಕ್ಯಾನು ಚೊಂಬುಗಳ ಸಾಲು. ಸೆಕ್ರೆಟರಿ ರಾಮಚಂದ್ರಪ್ಪ ಹಾಲು ಅಳೆಯುತ್ತಿದ್ದ. ಚಲಪತಿ ಕಾಂತರಾಜನ ಹೆಗಲ ಮೇಲೆ ಕೈ ಹಾಕಿ ಶುರು ಮಾಡಿದ. ಬೂಸಾ ಎಷ್ಟು, ಹಿಂಡಿ ಎಷ್ಟು, ಉಪ್ಪಿನ ಪುಡಿ ಯಾವಾಗ. ಜೋಳದ ಕಡ್ಡಿ ಕತ್ತರಿಸಿ ಹಾಕಬೇಕೋ ಹಾಗೇ ಹಾಕಬೇಕೋ. ಕೆಚ್ಚಲಿಗೆ ಎಣ್ಣೆ. ಕಾಂತರಾಜ್ ಹೂಂ ಹೂಂ ಎಂದ. ಎಲ್ಲ ಹೇಳಿ ಮುಗಿಯಿತು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಚಲಪತಿಗೆ ಹಸುವಿನ ಬಗ್ಗೆ ಹೇಳಲು ಏನೂ ಉಳಿಯಲಿಲ್ಲ. ಊರಿನೊಳಗೆ ಆಟೋ ಹೋದ ಸದ್ದು ಕೇಳಿ ಸ್ವಲ್ಪ ಹೊತ್ತಾಗಿತ್ತು. ಹೊರಬಂದ ಸದ್ದು ಇನ್ನೂ ಕೇಳಿರಲಿಲ್ಲ.

“ಬತ್ತೀನಿ ಡಾಕ್ಟ್ರೇ” ಎಂದು ಕಾಂತರಾಜ್ ಖಾಲಿ ಕ್ಯಾನು ಎತ್ತಿಕೊಂಡ.

ರಾಮಚಂದ್ರಪ್ಪ ಸುಮ್ಮನೆ ಮಾತಿಗೆಂದು ಕೇಳಿದ: “ಎಂಗೈತೆ ಡಾಕ್ಟ್ರೇ ಇವ್ನ ಪಿಂಕಿ?”

“ಹಸು ಚೆನ್ನಾಗಿದೆ” ಎಂದ ಚಲಪತಿ. ಅವನ ದನಿ ಅವನಿಗೇ ಬೇರೆಯವರದೆನಿಸಿತು. “ಇವನ ಹೆಂಡ್ತಿ ಚೆನ್ನಾಗಿಲ್ಲ. ಬಸುರಿ ಹೆಂಗಸನ್ನ ಮೋಟ್ರು ಮನೆಗೆ ಕರ್ಕೊಂಡು ಹೋಗಿ ಹೊಡೀತಾನೆ. ಕೈ ಎತ್ತೋಕಾಗ್ತಿಲ್ಲ ಅವಳಿಗೆ.”

ಹಾಲು ಸುರಿಯುವ ಸದ್ದೂ ನಿಂತಿತು. ಕಾಂತರಾಜ್ ತಿರುಗಿದ.

“ಡಾಕ್ಟ್ರೇ, ನಿಮ್ ಇಲಾಖೆ ದನ” ಎಂದ ರಾಮಚಂದ್ರಪ್ಪ ಮೆಲ್ಲಗೆ. “ಅದ್ನ ನೋಡ್ಕೊಳಿ.”

“ಮದ್ವೆ ಇಲ್ದೋನ್ಗೆ ಊರೋರ್ ಎಂಡ್ರು ಕೈ ಮ್ಯಾಲ್ಯಾಕಪ್ಪ ಕಣ್ಣು?” ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು. ಆ ನಗುವೇ ಸಾಕಾಯಿತು. ಕಾಂತರಾಜ್ ಚಲಪತಿಯ ಕೊರಳಪಟ್ಟಿ ಹಿಡಿದ. “ಓಹೋ, ಇದಾ ವಿಷ್ಯ! ಬಾಲ ಇಡ್ಕೊಂಡು ಏನ್ಲಾ ಮಾತಾಡ್ತಿದ್ರಿ ಇಬ್ರೂ? ಅದ್ಕೇ ಅಂತೀನಿ, ಯಾರ್ದು ಒಟ್ಟೇಲಿರೋದು ಅಂತ!” ಬೈಕು ಉರುಳಿತು. ಕ್ಯಾನಿನ ಮುಚ್ಚಳ ಹಾರಿ ಬಿಳಿ ಹೊಗೆ ಬುಸುಬುಸು ಎಂದು ಡೈರಿಯ ಮುಂದೆಲ್ಲ ಹರಡಿತು. ಪೌರಾಣಿಕ ನಾಟಕದಲ್ಲಿ ದೇವರು ಬರುವ ಮೊದಲು ಬಿಡುವಂಥ ಹೊಗೆ. ಅದರ ನಡುವೆ ಚಲಪತಿ ಒಂದು ಏಟು, ಎರಡು ಏಟು, ಆಮೇಲೆ ಎಣಿಸದಷ್ಟು ತಿಂದ. ಹಾಲು ತಂದಿದ್ದ ಒಬ್ಬಳು ಮುದುಕಿ “ಅವ್ನೇಳಿದ್ದು ಸುಳ್ಳೇನ್ರಲಾ? ನಿಮ್ಗ್ಯಾರ್ಗೂ ಗೊತ್ತಿರ್ಲಿಲ್ವಾ?” ಎಂದು ಕೂಗಿದ್ದು ಹೊಗೆಯಲ್ಲೇ ಕೇಳಿಸಿತು. ಅದರ ಹಿಂದೆಯೇ ಆರುಮುಗಂ ಆಟೋ ಕೆಮ್ಮುತ್ತ ರಸ್ತೆಗೆ ಏರಿದ ಸದ್ದು. ದೇವರು ಬರಲಿಲ್ಲ, ಆದರೆ ಆಟೋ ಹೋಯಿತು.

“ಲೇಟಾಯ್ತು ಸಾರ್” ಎಂದ ಆರುಮುಗಂ ಸಂಜೆ, ಚಲಪತಿಯ ಹುಬ್ಬಿಗೆ ಅರಿಶಿನ ಹಚ್ಚುತ್ತ. “ಆ ಅತ್ತೆ ಅಜ್ಜಿ ಬಾಗ್ಲಲ್ಲೇ ನಿಂತಿತ್ತು. ಕೂಗ್ತದೆ ಅಂತ ಭಯ. ನಾವೂ ನಿಂತ್ಬುಟ್ವಿ. ಅದು ಸೊಸೇನ ನೋಡ್ತು, ಮೊಮ್ಮಗೂನ ನೋಡ್ತು. ಆಮೇಲೆ ದನದ ಮನೆ ಒಳಗೆ ಹೋಗಿ ಬಾಗ್ಲು ಹಾಕ್ಕೊಂಡ್ಬುಡ್ತು.”

ತಾಯಿ ಮಗಳನ್ನು ಮನೆಗೆ ಕರೆದೊಯ್ಯುವ ಮೊದಲೇ ಆಸ್ಪತ್ರೆಗೆ ಒಯ್ದಿದ್ದಳು. ಹೇಗಾಯಿತಮ್ಮ ಎಂದು ನರ್ಸಮ್ಮ ಕೇಳಿದಾಗ ಕಲ್ಪನ ಹಸುವಿನ ಹೆಸರು ಹೇಳಲಿಲ್ಲ, ಗಂಡನ ಹೆಸರು ಹೇಳಿದಳು. ಅದನ್ನು ಬರೆದುಕೊಂಡರು. ಪೊಲೀಸರು ಬಂದು ಕೇಳಿದರು. ಕಾಂತರಾಜನನ್ನು ಸ್ಟೇಷನ್ನಿಗೆ ಕರೆಸಿ, ಹೆಂಡತಿಯ ತವರಿನ ಕಡೆ ತಲೆ ಹಾಕುವಂತಿಲ್ಲ ಎಂದು ಬರೆಸಿಕೊಂಡರು. ಚಲಪತಿ ಆಂಡರ್ಸನ್‌ಪೇಟೆಯ ಆ ಬೀದಿಗೆ ಮತ್ತೆ ಹೋಗಲಿಲ್ಲ. ಹೋಗಬಾರದೆಂದು ಅವನೇ ತೀರ್ಮಾನಿಸಿದ. ಡೈರಿಯ ಮುಂದೆ ಹುಟ್ಟಿದ ಮಾತಿಗೆ ಅವನ ಬೈಕಿಗಿಂತ ವೇಗ ಜಾಸ್ತಿ. ಅದರ ಹೊಗೆ ಆ ಹುಡುಗಿಯ ಮೇಲೆ ಬೀಳುವುದು ಬೇಡ. ಸುದ್ದಿಯೆಲ್ಲ ಆರುಮುಗಂ ಮೂಲಕ: ಕೈ ಸರಿಹೋಯಿತು, ಹೂ ಕಟ್ಟುತ್ತಿದ್ದಾಳೆ, ಹೆರಿಗೆಯಾಯಿತು, ಹೆಣ್ಣು, ಇಬ್ಬರೂ ಕ್ಷೇಮ.

ಆ ದಿನ ಚಲಪತಿ ಅರ್ಧ ಸೇರು ಬೆಲ್ಲ ತಂದ. ಹಂಚಲು ಆರುಮುಗಂ ಮನೆ ಬಿಟ್ಟರೆ ಬೇರೆ ಮನೆ ತೋಚಲಿಲ್ಲ. ಉಳಿದದ್ದಕ್ಕೆ ಇರುವೆ ಹತ್ತಿತು.

ಗೊಲ್ಲರಕುಂಟೆಯವರು ಅವನನ್ನು ಕರೆಯುವುದು ಬಿಟ್ಟರು. ಉರಿಗಾಂ ಕಡೆಯ ಇನ್ನೊಬ್ಬನನ್ನು ಗೊತ್ತು ಮಾಡಿಕೊಂಡರು. ಅವರನ್ನು ನೋಡಿ ಸುತ್ತಲಿನ ಊರಿನವರೂ ಬಿಟ್ಟರು. ಕರೆದವರ ಮನೆಯಲ್ಲೂ ಬಾಲ ಹಿಡಿಯಲು ಈಗ ಗಂಡಸರೇ ಬರುತ್ತಿದ್ದರು. ಮೂಗಿಗೆ ಟವೆಲು ಕಟ್ಟಿಕೊಂಡು, ಮಾತಿಲ್ಲದೆ. ಹೆಂಗಸರು ಕಿಟಕಿಯ ಆಚೆಗಿದ್ದರು. ಮೊದಲು ಬೆಳಿಗ್ಗೆಯೇ 'ಬಿರ್ನೆ ಬನ್ನಿ' ಎಂದು ಬೈಯುತ್ತಿದ್ದ ಫೋನು ಈಗ ಮಧ್ಯಾಹ್ನದವರೆಗೂ ಮಲಗಿರುತ್ತಿತ್ತು. ಚಲಪತಿ ಆಗಾಗ ಎತ್ತಿ ನೋಡುತ್ತಿದ್ದ, ಕೆಟ್ಟುಹೋಗಿದೆಯೇನೋ ಎಂದು. ಕೆಟ್ಟಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಫೋನಿನ ಮೇಲೆ ‘ಪಿಂಕಿ ಕಾಂತರಾಜ್’ ಎಂದು ಬಂತು. ಎತ್ತುವುದೋ ಬೇಡವೋ ಎಂದು ಯೋಚಿಸುತ್ತಿದ್ದಂತೆ ಬೆರಳು ತಾನೇ ಒತ್ತಿತು.

“ಡಾಕ್ಟ್ರೇ, ನಾನು ಮುನಿಗಂಗಮ್ಮ. ಪಿಂಕಿ ಬೆಳಿಗ್ಗೆಯಿಂದ ತಿಣುಕ್ತಾ ಐತೆ, ಕಾಲೊಂದೇ ಆಚೆ ಬಂದೈತೆ. ದೊಡ್ ಡಾಕ್ಟ್ರು ಮಾಲೂರ್ ಕಡೆ ಓಗವ್ರಂತೆ, ಸಂಜೆ ಆಗ್ತದಂತೆ. ಕಾಂತ ಕುಡ್ದು ಬಿದ್ದವ್ನೆ. ಬಾಲ ಇಡ್ಯಕ್ಕೆ ಯಾರೂ ಇಲ್ಲ.”

ಕರು ಒಂದು ಕಾಲನ್ನು ಒಳಗೆ ಮಡಚಿಕೊಂಡಿತ್ತು. ಮುನಿಗಂಗಮ್ಮ ಬಾಲ ಹಿಡಿದಳು. ಚಲಪತಿ ಒಳಗೆ ಕೈ ಹಾಕಿ, ಮಡಚಿದ ಕಾಲನ್ನು ಸಾವರಿಸಿ ಬಿಡಿಸಿ, ನೋವು ಬಂದಾಗ ಎಳೆದು, ನೋವು ನಿಂತಾಗ ನಿಂತು, ಬೆವರಿಳಿಸಿಕೊಂಡು ಕೊನೆಗೆ ಅದನ್ನು ಹುಲ್ಲಿನ ಮೇಲೆ ಇಳಿಸಿದ. ಒದ್ದೆ ಕರು ಕಿವಿ ಒದರಿತು.

“ಎಣ್ಣು ಕರು!” ಮುನಿಗಂಗಮ್ಮನ ಮುಖ ಅರಳಿತು. “ಎಣ್ಣು ಡಾಕ್ಟ್ರೇ! ನಮ್ ಪುಣ್ಯ!” ಅಂದವಳು ಅಲ್ಲೇ ತಡೆದಳು. ಪಿಂಕಿ ತಿರುಗಿ ಕರುವನ್ನು ನೆಕ್ಕತೊಡಗಿತು. ಮುದುಕಿ ಬೇರೆ ದನಿಯಲ್ಲಿ ಕೇಳಿದಳು: “ಅಲ್ಲಿ... ಆ ಉಡ್ಗೀಗೆ ಏನಾಯ್ತು?”

“ಹೆಣ್ಣು. ಚೆನ್ನಾಗಿದಾರೆ.”

“ಚೆನ್ನಾಗಿರ್ಲಿ” ಎಂದಳು. “ಅವತ್ತು ನಾನು ಇಲ್ಲೇ ಒಳಾಗ್ ಬಂದು ಬಾಗ್ಲಾಕ್ಕಂಡೆ. ಯಾರಾನ ಕೇಳಿದ್ರೆ ನಾನೇನೂ ನೋಡ್ಲಿಲ್ಲ ಅನ್ನಾಕೆ. ಅಷ್ಟೇ ನನ್ ಕೈಲಾಗಿದ್ದು.”

ಚಲಪತಿ ಆಗ ಅವಳ ಕೈ ನೋಡಿದ. ಮುಂಗೈ ಮೂಳೆ ಯಾವ ಕಾಲದಲ್ಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಇಷ್ಟು ವರ್ಷ ಅವನು ಅದನ್ನು ಗಮನಿಸಿರಲಿಲ್ಲ. ಅದರ ಮೇಲೆ, ಮೊಣಕೈ ಹತ್ತಿರ, ಹೊಸದೊಂದು ಕಪ್ಪು ಗುರುತು. ಇನ್ನೂ ಅಂಚು ಹಳದಿಯಾಗಿರಲಿಲ್ಲ.

ಅವನು ನೋಡಿದ್ದನ್ನು ಅವಳೂ ನೋಡಿದಳು. ಸೆರಗು ಎಳೆದುಕೊಳ್ಳಲು ಕೈ ಬಿಡುವಿರಲಿಲ್ಲ.

“ಅಸು ಒದೀತು” ಎಂದಳು.

ಪಡಸಾಲೆಯಲ್ಲಿ ಕಾಂತರಾಜ್ ನಿದ್ದೆಯಲ್ಲಿ ಏನೋ ಗೊಣಗಿ ಮಗ್ಗುಲು ಬದಲಿಸಿದ. ಈ ಮನೆಯಲ್ಲಿ ಈಗ ಉಳಿದಿರುವವರು ತಾಯಿ ಮಗ ಇಬ್ಬರೇ, ಮತ್ತು ಈ ಹಸು.

“ಪಿಂಕಿ ಒದೆಯೋ ಹಸು ಅಲ್ಲ ಗಂಗಮ್ಮ” ಎಂದ ಚಲಪತಿ.

ಕರು ಹುಟ್ಟಿಯಾಗಿತ್ತು, ಇನ್ನು ಬಾಲ ಹಿಡಿಯುವ ಕೆಲಸವಿರಲಿಲ್ಲ. ಆದರೂ ಮುದುಕಿ ಬಾಲ ಬಿಡಲಿಲ್ಲ. ಬಾಗಿಲ ಬಳಿ ಬಿಸಿನೀರು ಆರುತ್ತಿತ್ತು. ಚಲಪತಿ ಕೈ ತೊಳೆಯಲು ಏಳಲಿಲ್ಲ; ಅವಳು ಹೊಡೆದವನ ಹೆಸರು ಹೇಳುವವರೆಗೂ ಅಲ್ಲೇ ಹುಲ್ಲಿನ ಮೇಲೆ ಕೂತಿದ್ದ.